ತೆರಿಗೆ ಬಿಲ್ಲಿನಲ್ಲಿ ಗಿಡದ ದುಡ್ಡು: ಜಾಸ್ತಿ ಕೇಳಿ ಬಂದ ಬ್ಯಾಲೆಟ್‌ಗೆ ಏನು ಹೇಳಬೇಕು?

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ಮನೆ ತಗೊಂಡು ನಾಲ್ಕು ವರ್ಷ ಆಯ್ತು. ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲಿನ ಕೆಳಗಡೆ ‘ಲ್ಯಾಂಡ್‌ಸ್ಕೇಪಿಂಗ್ ಅಂಡ್ ಲೈಟಿಂಗ್’ ಅಂತ ಒಂದು ಸಾಲು ಪ್ರತಿ ವರ್ಷ ಬರುತ್ತದೆ. ಎಚ್‌ಒಎಗೆ (ಬಡಾವಣೆಯ ಮನೆ ಮಾಲೀಕರ ಸಂಘಕ್ಕೆ) ತಿಂಗಳು ತಿಂಗಳು ಬೇರೆ ಕಟ್ಟುತ್ತೇವೆ. ಆದರೂ ನಮ್ಮ ಬಡಾವಣೆಯ ಮುಖ್ಯರಸ್ತೆಯ ನಡುವಿನ ಹುಲ್ಲು ಒಣಗಿದೆ, ಮರಗಳೂ ಸೊರಗುತ್ತಿವೆ. ಈಗ ಸಿಟಿಯಿಂದ ಒಂದು ಕವರ್ ಬಂದಿದೆ. ಈ ಮೊತ್ತ ಜಾಸ್ತಿ ಮಾಡಲು ಒಪ್ಪಿಗೆ ಇದೆಯಾ ಎಂದು ಕೇಳಿ ಬ್ಯಾಲೆಟ್ ಇಟ್ಟಿದ್ದಾರೆ. ನಾವಿನ್ನೂ ಎಚ್-1ಬಿ ವೀಸಾದಲ್ಲಿದ್ದೇವೆ. ಓಟು ಹಾಕಬಹುದಾ? ಹಾಕಿದರೆ ಹೌದು ಅನ್ನಬೇಕಾ, ಬೇಡ ಅನ್ನಬೇಕಾ? ಒಂದೇ ಕೆಲಸಕ್ಕೆ ಎರಡು ಕಡೆ ಯಾಕೆ ದುಡ್ಡು ಕೊಡಬೇಕು?

ಉತ್ತರ: ಮೊದಲು ವೀಸಾದ ಮಾತು ಮುಗಿಸಿಬಿಡೋಣ. ನೀವು ಈ ಬ್ಯಾಲೆಟ್ ಹಾಕಬಹುದು, ದಯವಿಟ್ಟು ಹಾಕಿ. ಮೇಯರ್ ಆಯ್ಕೆಗೆ ಕೇಳುವ ಪೌರತ್ವ, ವೋಟರ್ ಪಟ್ಟಿ ಯಾವುದೂ ಇಲ್ಲಿ ಬೇಕಿಲ್ಲ. ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತದ) ದಾಖಲೆಯಲ್ಲಿ ಆ ಜಾಗದ ಮಾಲೀಕರು ಅಂತ ಯಾರ ಹೆಸರಿದೆಯೋ ಅವರಿಗೆ ಈ ಬ್ಯಾಲೆಟ್ ಸೇರಬೇಕು. ರಾಜ್ಯದ ಸಂವಿಧಾನವೇ ಹಾಗೆ ಹೇಳುತ್ತದೆ. ಇದನ್ನು ಚುನಾವಣೆ ಅಂತ ಪರಿಗಣಿಸಬಾರದು ಎಂದು ಗವರ್ನಮೆಂಟ್ ಕೋಡ್‌ನಲ್ಲೂ ಬಿಡಿಸಿ ಬರೆದಿದ್ದಾರೆ. ನಮ್ಮವರಲ್ಲಿ ಎಷ್ಟೋ ಜನ ‘ನಾವು ಸಿಟಿಜನ್ ಅಲ್ವಲ್ಲ’ ಅಂದುಕೊಂಡು ಆ ಕವರನ್ನು ಜಂಕ್ ಮೇಲ್ ಜೊತೆ ಎಸೆದುಬಿಡುತ್ತಾರೆ. ನನಗೆ ತುಂಬಾ ಬೇಜಾರಾಗುವ ಸಂಗತಿ ಇದು. ಎಣಿಸುವುದು ವಾಪಸ್ ಬಂದ ಬ್ಯಾಲೆಟ್‌ಗಳನ್ನು ಮಾತ್ರ. ಆದರೆ ಫಲಿತಾಂಶ ಎಸೆದವರ ಮನೆಗೂ ಅನ್ವಯಿಸುತ್ತದೆ.

ಇನ್ನು ಆ ಸಾಲಿನ ವಿಷಯ. ಇದರ ಬೇರು 1972ರ ‘ಲ್ಯಾಂಡ್‌ಸ್ಕೇಪಿಂಗ್ ಅಂಡ್ ಲೈಟಿಂಗ್ ಆ್ಯಕ್ಟ್’ನಲ್ಲಿದೆ. ಈ ಕಾಯ್ದೆಯಡಿ ಸಿಟಿ ಅಥವಾ ಕೌಂಟಿ ಒಂದು ಪ್ರದೇಶಕ್ಕೆ ಗಡಿ ಹಾಕಿ ಅದನ್ನು ಡಿಸ್ಟ್ರಿಕ್ಟ್ ಅಂತ ಮಾಡಬಹುದು. ಅಲ್ಲಿನ ಗಿಡ-ಮರ, ಬೀದಿದೀಪ, ಪಾರ್ಕು ನೋಡಿಕೊಳ್ಳುವ ಖರ್ಚನ್ನು ಗಡಿಯೊಳಗಿನ ಮನೆ, ಅಂಗಡಿ, ಖಾಲಿ ಜಾಗಗಳ ಮೇಲೆ ಹಂಚಬಹುದು. ವಸೂಲಿ ಸುಲಭವಾಗಲಿ ಎಂದು ಅದನ್ನು ಕೌಂಟಿಯ ತೆರಿಗೆ ಬಿಲ್ಲಿಗೆ ಸೇರಿಸುತ್ತಾರೆ. ಹಾಗಾಗಿ ಇದೊಂದು ಸಾಲನ್ನು ಸಿಟ್ಟಿನಿಂದ ಕಟ್ಟದೆ ಬಿಡುವಂತಿಲ್ಲ. ಮೊದಲ ಕಂತು ಡಿಸೆಂಬರ್ 10ರೊಳಗೆ, ಎರಡನೆಯದು ಏಪ್ರಿಲ್ 10ರೊಳಗೆ ಪೂರ್ತಿ ಹೋಗಬೇಕು. ತಪ್ಪಿದರೆ ಶೇ. 10 ದಂಡ. ಕೌಂಟಿಯವರು ವಸೂಲಿ ಮಾಡಿ ಸಿಟಿಗೆ ದಾಟಿಸುತ್ತಾರೆ, ಅಷ್ಟೇ. ಅವರಿಗೆ ಫೋನ್ ಮಾಡಿ ‘ಹುಲ್ಲು ಯಾಕೆ ಒಣಗಿದೆ’ ಅಂದರೆ ಉತ್ತರ ಸಿಗುವುದಿಲ್ಲ. ಬಿಲ್ಲಿನಲ್ಲಿ ಆ ಸಾಲಿನ ಪಕ್ಕದಲ್ಲೇ ಸಾಮಾನ್ಯವಾಗಿ ಒಂದು ನಂಬರ್ ಇರುತ್ತದೆ, ಅಲ್ಲಿಗೆ ಮಾಡಿ.

ಇದಕ್ಕೂ ಮಾಮೂಲಿ ಪ್ರಾಪರ್ಟಿ ಟ್ಯಾಕ್ಸ್‌ಗೂ ಒಂದು ದೊಡ್ಡ ವ್ಯತ್ಯಾಸ ಇದೆ. 1978ರಲ್ಲಿ ಜನರೇ ಓಟು ಹಾಕಿ ತಂದ ಪ್ರೊಪೊಸಿಷನ್ 13ರ ಪ್ರಕಾರ ಮೂಲ ತೆರಿಗೆ ನಿಮ್ಮ ಮನೆಯ ಲೆಕ್ಕದ ಬೆಲೆಯ (ಶುರುವಿಗೆ ಅದು ಕೊಂಡ ಬೆಲೆ) ಶೇ. 1. ಆ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಜಾಸ್ತಿ ಏರುವ ಹಾಗಿಲ್ಲ. ಅದಕ್ಕೇ 1990ರಲ್ಲಿ ಮನೆ ಕೊಂಡ ಪಕ್ಕದ ಮನೆಯವರು ನಿಮಗಿಂತ ಎಷ್ಟೋ ಕಡಿಮೆ ಕಟ್ಟುತ್ತಿರುತ್ತಾರೆ. ಬಿಲ್ಲಿನ ಗಿಡದ ಸಾಲಿನಲ್ಲಿ ಮಾತ್ರ ಅವರೂ ನೀವೂ ಒಂದೇ. ಇಲ್ಲಿ ಮನೆಯ ಬೆಲೆ ನೋಡುವುದಿಲ್ಲ. ಆ ಮರ, ಆ ದೀಪದಿಂದ ನಿಮ್ಮ ಜಾಗಕ್ಕೆ ಎಷ್ಟು ಉಪಯೋಗ ಅಂತ ನೋಡುತ್ತಾರೆ. ಸಾಮಾನ್ಯವಾಗಿ ಒಂದು ಒಂಟಿ ಮನೆಯನ್ನು ಒಂದು ಯೂನಿಟ್ ಅಂತ ಹಿಡಿಯುತ್ತಾರೆ. ಅಪಾರ್ಟ್‌ಮೆಂಟಿನ ಒಂದೊಂದು ಮನೆಗೆ ಅದಕ್ಕಿಂತ ಕಡಿಮೆ, ಅಂಗಡಿಗಳಿಗೆ ಜಾಗದ ವಿಸ್ತಾರದ ಮೇಲೆ ಲೆಕ್ಕ ಹಾಕುವುದುಂಟು.

ಪ್ರೊಪೊಸಿಷನ್ 13 ಬಂದ ಮೇಲೆ ಸಿಟಿಗಳ ಕೈ ಬಿಗಿಯಾಯಿತು. ಮೊದಲು ಸಾಮಾನ್ಯ ಖಜಾನೆಯಿಂದ ನಡೆಯುತ್ತಿದ್ದ ಪಾರ್ಕು, ರಸ್ತೆಬದಿ ಮರಗಳ ಕೆಲಸವನ್ನು ಒಂದೊಂದಾಗಿ ಇಂಥ ಡಿಸ್ಟ್ರಿಕ್ಟ್‌ಗಳಿಗೆ ದಾಟಿಸಿದರು. ಓರ್ಲಂಡ್ ಎಂಬ ಊರಿನ ಪಾರ್ಕಿನ ಮೊಕದ್ದಮೆಯಲ್ಲಿ 1992ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಇದಕ್ಕೆ ಒಪ್ಪಿಗೆಯನ್ನೂ ಕೊಟ್ಟಿತು. ಆಮೇಲೆ ಜನ ಎಚ್ಚೆತ್ತುಕೊಂಡರು. 1996ರ ನವೆಂಬರ್‌ನಲ್ಲಿ ಪ್ರೊಪೊಸಿಷನ್ 218 ಎಂಬ ಸಂವಿಧಾನ ತಿದ್ದುಪಡಿ ಜನರ ಓಟಿನಿಂದ ಪಾಸಾಯಿತು. ನಿಮ್ಮ ಕೈಗೆ ಬಂದಿರುವ ಬ್ಯಾಲೆಟ್ ಅದರ ಫಲ.

ಆ ತಿದ್ದುಪಡಿಯ ಪ್ರಕಾರ ಮಾಲೀಕರನ್ನು ಕೇಳದೆ ಇಂಥ ಅಸೆಸ್‌ಮೆಂಟ್ (ಉಪಯೋಗದ ಲೆಕ್ಕದಲ್ಲಿ ಹಂಚುವ ಈ ಶುಲ್ಕ) ಹೊಸದಾಗಿ ಹಾಕುವಂತಿಲ್ಲ, ಇದ್ದದ್ದನ್ನು ಜಾಸ್ತಿ ಮಾಡುವಂತಿಲ್ಲ. ಹಿಯರಿಂಗ್‌ಗೆ (ಸಿಟಿ ಜನರ ಅಹವಾಲು ಕೇಳುವ ಸಭೆಗೆ) ಕನಿಷ್ಠ 45 ದಿನ ಮೊದಲು ನೋಟಿಸು, ಬ್ಯಾಲೆಟ್ ಎರಡೂ ಅಂಚೆಯಲ್ಲಿ ಬರಬೇಕು. ನಿಮ್ಮ ಪಾಲು ಎಷ್ಟು, ಒಟ್ಟು ಎಷ್ಟು, ಯಾವ ಆಧಾರದ ಮೇಲೆ ಹಂಚಿದ್ದಾರೆ ಅಂತ ಅದರಲ್ಲೇ ಇರಬೇಕು. ಲೆಕ್ಕಕ್ಕೆಲ್ಲ ಆಧಾರವಾಗಿ ರಾಜ್ಯದ ಲೈಸೆನ್ಸ್ ಇರುವ ಎಂಜಿನಿಯರ್ ಒಬ್ಬರು ಸಹಿ ಹಾಕಿದ ‘ಎಂಜಿನಿಯರ್ಸ್ ರಿಪೋರ್ಟ್’ ಇರಬೇಕು. ಸಿಟಿಗೆ ಫೋನ್ ಮಾಡಿದಾಗ ಮೊದಲು ಕೇಳಬೇಕಾದದ್ದು ಈ ರಿಪೋರ್ಟನ್ನು. ಪುಟ ಜಾಸ್ತಿ ಇರುತ್ತದೆ, ಭಾಷೆಯೂ ಒಣ. ಆದರೆ ನಿಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಅದರೊಳಗೇ ಇದೆ. ಅದನ್ನು ಓದದೆ ಹೌದು ಅನ್ನುವುದೂ ತಪ್ಪು, ಬೇಡ ಅನ್ನುವುದೂ ತಪ್ಪು.

ಅದರಲ್ಲಿ ಏನು ನೋಡಬೇಕು?

ಮೊದಲು ‘ಜನರಲ್ ಬೆನಿಫಿಟ್’ ಅಂತ ಒಂದು ಭಾಗ ಹುಡುಕಿ. ಮುಖ್ಯರಸ್ತೆಯ ನಡುವಿನ ಮರಗಳ ನೆರಳು, ಚೆಂದ ನಿಮಗಷ್ಟೇ ಅಲ್ಲ, ಆ ದಾರಿಯಲ್ಲಿ ಹೋಗುವ ಊರಿನವರಿಗೆಲ್ಲ ಸಿಗುತ್ತದೆ ಅಲ್ವಾ? ಊರಿಗೆಲ್ಲ ಸಿಗುವ ಆ ಪಾಲಿನ ಖರ್ಚನ್ನು ನಿಮ್ಮ ಮೇಲೆ ಹಾಕುವಂತಿಲ್ಲ. ಅದನ್ನು ಸಿಟಿ ಬೇರೆ ಹಣದಿಂದ ಕೊಡಬೇಕು. ನಿಮ್ಮ ಜಾಗಕ್ಕೆ ಎಂದೇ ಸಿಗುವ ‘ಸ್ಪೆಷಲ್ ಬೆನಿಫಿಟ್’ನಷ್ಟು ಖರ್ಚು ಮಾತ್ರ ನಿಮ್ಮದು. ಈ ಎರಡನ್ನೂ ಬೇರೆ ಮಾಡಿ ಅಂಕಿಯಲ್ಲಿ ತೋರಿಸಿರಬೇಕು. ‘ಬಡಾವಣೆಯ ಅಂದ ಹೆಚ್ಚುತ್ತದೆ, ಆಸ್ತಿಯ ಬೆಲೆ ಏರುತ್ತದೆ’ ಅಂತ ಬರೆದು ಕೈತೊಳೆದುಕೊಂಡರೆ ಸಾಲದು.

ಇದನ್ನು ಕೋರ್ಟುಗಳು ಹಗುರವಾಗಿ ತಗೊಂಡಿಲ್ಲ. ಸಾಂಟಾ ಕ್ಲಾರಾ ಕೌಂಟಿಯಲ್ಲಿ ಬಯಲು ಜಾಗಗಳನ್ನು ಉಳಿಸುವ ಸಂಸ್ಥೆಯಾದ ಓಪನ್ ಸ್ಪೇಸ್ ಅಥಾರಿಟಿ ಒಂದು ಮನೆಗೆ ವರ್ಷಕ್ಕೆ ಬರೀ 20 ಡಾಲರ್ ಹಾಕಿತ್ತು. 2008ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನೂ ರದ್ದು ಮಾಡಿತು. ಮೊತ್ತ ಸಣ್ಣದು ಅಂತ ಬಿಡಲಿಲ್ಲ. ಸಿಟಿ ಹೇಳಿದ್ದನ್ನು ಹಾಗೇ ಒಪ್ಪದೆ ಕೋರ್ಟುಗಳು ಸ್ವತಂತ್ರವಾಗಿ ಪರಿಶೀಲಿಸಬೇಕು ಎಂದಿತು. 2011ರಲ್ಲಿ ಸ್ಯಾನ್ ಡಿಯಾಗೊದ ಗೋಲ್ಡನ್ ಹಿಲ್ ಬಡಾವಣೆಯ ನಿರ್ವಹಣಾ ಡಿಸ್ಟ್ರಿಕ್ಟ್ ಕೂಡ ಬಿದ್ದುಹೋಯಿತು. ಅಲ್ಲಿ ಊರಿನ ಪಾಲು, ಮನೆಯವರ ಪಾಲು ಬೇರೆ ಮಾಡಿರಲಿಲ್ಲ. ಸಿಟಿಯ ಸ್ವಂತ ಜಾಗಗಳ ಬ್ಯಾಲೆಟ್‌ಗೆ ಎಷ್ಟು ತೂಕ, ಯಾಕೆ ಅಷ್ಟು ಅನ್ನುವುದಕ್ಕೂ ರಿಪೋರ್ಟಿನಲ್ಲಿ ಸಮರ್ಪಕ ವಿವರಣೆ ಇರಲಿಲ್ಲ.

ತೂಕ ಅಂದೆನಲ್ಲ, ಅದನ್ನೂ ತಿಳಿದುಕೊಳ್ಳಿ. ಇಲ್ಲಿ ಒಂದು ಮನೆಗೆ ಒಂದು ಓಟು ಅಂತ ಇಲ್ಲ. ಯಾರ ಪಾಲಿಗೆ ಎಷ್ಟು ಡಾಲರ್ ಬರುತ್ತದೋ ಅವರ ಬ್ಯಾಲೆಟ್‌ಗೆ ಅಷ್ಟು ತೂಕ. ನಿಮ್ಮ ಮನೆಗೆ 150 ಡಾಲರ್, ಮೂಲೆಯ ಶಾಪಿಂಗ್ ಸೆಂಟರ್‌ಗೆ 6,000 ಡಾಲರ್ ಅಂತಿಟ್ಟುಕೊಳ್ಳಿ. ಆ ಒಂದು ಬ್ಯಾಲೆಟ್ ನಿಮ್ಮಂಥ 40 ಮನೆಗಳಿಗೆ ಸಮ. ಬಂದ ಬ್ಯಾಲೆಟ್‌ಗಳಲ್ಲಿ ಬೇಡ ಅಂದವರ ಡಾಲರ್ ಮೊತ್ತ ಹೌದು ಅಂದವರದಕ್ಕಿಂತ ಜಾಸ್ತಿಯಾದರೆ ಪ್ರಸ್ತಾಪ ಅಲ್ಲಿಗೇ ಬಿತ್ತು. ಸರ್ಕಾರಿ ಶಾಲೆ, ಸಿಟಿ ಕಟ್ಟಡಗಳಿಗೂ ವಿನಾಯಿತಿ ಇಲ್ಲ. ತಮಗೆ ವಿಶೇಷ ಉಪಯೋಗ ಏನೂ ಇಲ್ಲ ಅಂತ ಸ್ಪಷ್ಟ ಸಾಕ್ಷಿ ಇದ್ದರೆ ಮಾತ್ರ ಬಿಡಬಹುದು. ಅವರ ಪಾಲು ರಿಪೋರ್ಟಿನಲ್ಲಿ ಕಾಣುತ್ತದಾ ನೋಡಿ. ಅವರು ಕೊಡದಿದ್ದ ಮಾತ್ರಕ್ಕೆ ಅದನ್ನು ನಿಮ್ಮ ಮೇಲೆ ಹೊರಿಸುವಂತಿಲ್ಲ.

ಈಗ ಹುಲ್ಲು ಯಾಕೆ ಒಣಗಿತು ಅನ್ನುವುದಕ್ಕೆ ಬರೋಣ. ‘ಯಾರೋ ದುಡ್ಡು ತಿಂದಿದ್ದಾರೆ’ ಅಂತಲೇ ಎಲ್ಲರಿಗೂ ಮೊದಲು ಅನ್ನಿಸುವುದು. ನನ್ನ ಅನುಭವದಲ್ಲಿ ಕಾರಣ ಬಹುಪಾಲು ಬೇರೆ. ನಿಮ್ಮ ಬಡಾವಣೆ 80ರ ದಶಕದಲ್ಲೋ 90ರ ದಶಕದಲ್ಲೋ ಕಟ್ಟಿದ್ದಾದರೆ, ಈ ಡಿಸ್ಟ್ರಿಕ್ಟ್ ಆಗಿನ ಬಿಲ್ಡರ್ ಮಾಡಿಕೊಟ್ಟದ್ದಿರಬಹುದು. ಆಗ ನಿಗದಿ ಮಾಡಿದ ಮೊತ್ತದ ಜೊತೆ ‘ಬೆಲೆ ಏರಿದಂತೆ ಇದೂ ಏರಲಿ’ ಎಂಬ ಷರತ್ತು ಇಲ್ಲದಿದ್ದರೆ ಅದು ಅಲ್ಲೇ ಹೆಪ್ಪುಗಟ್ಟಿ ನಿಂತಿರುತ್ತದೆ. ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕ 1996ರಿಂದ 2024ರ ಹೊತ್ತಿಗೆ ಸುಮಾರು ಎರಡರಷ್ಟಾಗಿದೆ. ಅಂದರೆ ಆಗ 100 ಡಾಲರ್‌ಗೆ ಆಗುತ್ತಿದ್ದ ಕೆಲಸಕ್ಕೆ ಈಗ 200 ಬೇಕು. ಬರುವುದು ಮಾತ್ರ ಅದೇ 100.

ಆಗ ಏನಾಗುತ್ತದೆ? ಮೊದಲು ಮಾಲಿಗಳು ಬರುವ ಸರದಿ ಕಡಿಮೆಯಾಗುತ್ತದೆ. ಆಮೇಲೆ ಸತ್ತ ಗಿಡದ ಜಾಗದಲ್ಲಿ ಹೊಸ ಗಿಡ ಹಾಕುವುದು ನಿಲ್ಲುತ್ತದೆ. ಒಡೆದ ಸ್ಪ್ರಿಂಕ್ಲರ್ ತಲೆ ಹಾಗೇ ಇರುತ್ತದೆ. ಕೊನೆಗೆ ನೀರಿಗೇ ಕತ್ತರಿ. ಹುಲ್ಲು ಒಣಗಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ನನಗೆ ನಿಜವಾಗಿ ಭಯ ಇರುವುದು ಮರಗಳದ್ದು. ಹುಲ್ಲಿನ ನಡುವೆ ನೆಟ್ಟ ಮರ ಇಷ್ಟು ವರ್ಷ ಬದುಕಿದ್ದು ಹುಲ್ಲಿಗೆ ಹೊಡೆಯುತ್ತಿದ್ದ ಸ್ಪ್ರಿಂಕ್ಲರ್ ನೀರಿನಲ್ಲಿ. ದಿನಾ ಮೇಲಿಂದ ಮೇಲೆ ಸ್ವಲ್ಪ ಸ್ವಲ್ಪ ನೀರು ಸಿಕ್ಕಿದ್ದರಿಂದ ಅದರ ಬೇರೂ ಮೇಲ್ಮಣ್ಣಿನಲ್ಲೇ ಹರಡಿರುತ್ತದೆ. ‘ಹುಲ್ಲು ಹೋದರೆ ಹೋಗಲಿ’ ಅಂತ ವಾಲ್ವ್ ಮುಚ್ಚಿದ ದಿನವೇ ಮರಕ್ಕೂ ನೀರು ನಿಂತಿತು. ಅದು ಕೂಡಲೇ ತೋರಿಸಿಕೊಳ್ಳುವುದಿಲ್ಲ. ಮೊದಲು ನೆತ್ತಿಯ ಕೊಂಬೆ ಬರಿದಾಗುತ್ತದೆ, ಎಲೆ ಸಣ್ಣದಾಗುತ್ತದೆ, ತೊಗಟೆ ಕೊರೆಯುವ ಹುಳ ಸೇರಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ನೀರು ಕೊಟ್ಟರೂ ಎಷ್ಟೋ ಸಲ ಮರ ಚೇತರಿಸಿಕೊಳ್ಳುವುದಿಲ್ಲ. ಹುಲ್ಲನ್ನು ಒಂದು ವಾರದಲ್ಲಿ ಮತ್ತೆ ಹಾಸಬಹುದು. ಮೂವತ್ತು ವರ್ಷದ ಮರವನ್ನು ಯಾವ ಬಜೆಟ್ಟೂ ತಂದುಕೊಡುವುದಿಲ್ಲ. ನಿಮ್ಮ ಪತ್ರದಲ್ಲಿ ‘ಮರಗಳೂ ಸೊರಗುತ್ತಿವೆ’ ಅಂದಿದ್ದೀರಿ. ಬ್ಯಾಲೆಟ್‌ನ ಫಲಿತಾಂಶಕ್ಕೆ ಕಾಯಬೇಡಿ. ಆ ಮರಗಳ ಬುಡಕ್ಕಾದರೂ ತಕ್ಷಣ ನೀರು ಕೊಡಿ ಎಂದು ಇವತ್ತೇ ಸಿಟಿಗೆ ಬರೆಯಿರಿ.

ರಿಪೋರ್ಟಿನ ಬಜೆಟ್ ಪುಟದಲ್ಲಿ ‘ರಿಸರ್ವ್’ (ಕೂಡಿಟ್ಟ ಹಣ) ಅಂತ ದೊಡ್ಡ ಮೊತ್ತ ಕಂಡರೆ ಗಾಬರಿಯಾಗಬೇಡಿ. ಸಿಟಿಯ ಲೆಕ್ಕದ ವರ್ಷ ಜುಲೈ 1ಕ್ಕೆ ಶುರು. ನಿಮ್ಮ ತೆರಿಗೆಯ ಮೊದಲ ಕಂತು ಸಿಟಿಗೆ ತಲುಪುವುದು ಡಿಸೆಂಬರ್ ಹೊತ್ತಿಗೆ. ನಡುವಿನ ಐದಾರು ತಿಂಗಳು, ಅದೂ ಬೇಸಿಗೆಯ ನೀರಿನ ಬಿಲ್ಲು ಜೋರಾಗಿರುವ ತಿಂಗಳುಗಳು, ಕೈಯಲ್ಲಿ ದುಡ್ಡು ಬೇಕಲ್ಲ. ಅದಕ್ಕೆ ಕಾಯ್ದೆಯೇ ಅವಕಾಶ ಕೊಟ್ಟಿದೆ. ವರ್ಷದ ಖರ್ಚಿನ ಅರ್ಧದಷ್ಟು ರಿಸರ್ವ್ ತೋರಿಸಿದರೆ ಅದು ಸಹಜ. ಅದಕ್ಕಿಂತ ಬಹಳ ಜಾಸ್ತಿ ಇದ್ದು ಗಿಡವೂ ಒಣಗಿದ್ದರೆ ಯಾವ ಕೆಲಸಕ್ಕೆ ಕೂಡಿಡುತ್ತಿದ್ದಾರೆ ಎಂದು ಕೇಳಿ. ಹಾಗೆಯೇ ಸಿಬ್ಬಂದಿ, ಕನ್ಸಲ್ಟೆಂಟ್ ಖರ್ಚು ಅಂತ ಹಾಕಿದ್ದು ಒಟ್ಟಿನಲ್ಲಿ ಎಷ್ಟು ಪಾಲು ಅಂತಲೂ ನೋಡಿ. ಚಿಕ್ಕ ಡಿಸ್ಟ್ರಿಕ್ಟ್‌ಗಳಲ್ಲಿ ಗಿಡಕ್ಕಿಂತ ಕಾಗದಪತ್ರಕ್ಕೇ ದುಡ್ಡು ಹೋಗುವ ಅಪಾಯ ಇದೆ.

ಎರಡು ಕಡೆ ಯಾಕೆ ಕಟ್ಟಬೇಕು ಅಂದಿರಿ. ಸಾಮಾನ್ಯವಾಗಿ ಎರಡೂ ಬೇರೆ ಬೇರೆ ಜಾಗಕ್ಕೆ. ಎಚ್‌ಒಎ ನೋಡಿಕೊಳ್ಳುವುದು ಅದರ ಸ್ವಂತ ಜಾಗವನ್ನು, ಅಂದರೆ ಕ್ಲಬ್‌ಹೌಸ್ ಸುತ್ತಮುತ್ತ, ಒಳದಾರಿ, ಮನೆಗಳ ನಡುವಿನ ತೋಟ. ಡಿಸ್ಟ್ರಿಕ್ಟ್ ನೋಡಿಕೊಳ್ಳುವುದು ಸಾರ್ವಜನಿಕ ರಸ್ತೆಯ ನಡುವಿನ ಪಟ್ಟಿ, ಹೊರಗೋಡೆಯಾಚೆಯ ಗಿಡ, ಬೀದಿದೀಪ. ಆದರೆ ಗಡಿಯಲ್ಲಿ ಗೊಂದಲ ಇರುವುದುಂಟು. ರಿಪೋರ್ಟಿನ ಹಿಂದೆ ಡಿಸ್ಟ್ರಿಕ್ಟ್‌ನ ನಕ್ಷೆ ಇರುತ್ತದೆ. ಎಚ್‌ಒಎಯ ಮಾಲಿ ಕಂಟ್ರಾಕ್ಟಿನಲ್ಲೂ ಒಂದು ನಕ್ಷೆ ಇರಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದು ಭಾನುವಾರ ಬೆಳಿಗ್ಗೆ ಕೈಯಲ್ಲಿ ಹಿಡಿದು ರಸ್ತೆಯುದ್ದಕ್ಕೂ ನಡೆದು ನೋಡಿ. ಸಿಟಿ ನೋಡಿಕೊಳ್ಳಬೇಕಾದ ಜಾಗಕ್ಕೆ ಎಚ್‌ಒಎ ದುಡ್ಡು ಸುರಿಯುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ. ಇನ್ನೊಂದು ಮಾತು: ಎಚ್‌ಒಎಯ ಬೋರ್ಡ್ ವರ್ಷಕ್ಕೆ ಶೇ. 20ರವರೆಗೆ ಮಾಸಿಕ ಮೊತ್ತವನ್ನು ಸದಸ್ಯರ ಓಟಿಲ್ಲದೆ ಏರಿಸಬಹುದು. ಸಿಟಿಗೆ ಆ ಸ್ವಾತಂತ್ರ್ಯ ಇಲ್ಲ. ಮಾಲೀಕರು ಒಪ್ಪಿದ ಮಿತಿ ದಾಟಿ ಒಂದು ಡಾಲರ್ ಏರಿಸಬೇಕಾದರೂ ಮತ್ತೆ ಬ್ಯಾಲೆಟ್ ಬೇಕು.

ಬಿಲ್ಲಿನಲ್ಲಿ ‘ಸಿಎಫ್‌ಡಿ’ ಅಥವಾ ‘ಮೆಲೊ-ರೂಸ್’ ಅಂತ ಇದ್ದರೆ ಅದರ ಕಥೆಯೇ ಬೇರೆ. ಅದು 1982ರ ಕಾಯ್ದೆಯ ವಿಶೇಷ ತೆರಿಗೆ. ಅಲ್ಲಿ ಮೂರನೇ ಎರಡರಷ್ಟು ಓಟು ಬೇಕು. ನೋಂದಾಯಿತ ಮತದಾರರು 12 ಜನಕ್ಕಿಂತ ಕಡಿಮೆ ಇದ್ದರೆ ಜಮೀನಿನ ಮಾಲೀಕರು ಎಕರೆ ಲೆಕ್ಕದಲ್ಲಿ ಓಟು ಹಾಕುತ್ತಾರೆ. ಹೊಸ ಬಡಾವಣೆಗಳಲ್ಲಿ ಮನೆ ಏಳುವ ಮೊದಲೇ ಬಿಲ್ಡರ್ ಒಬ್ಬರೇ ಹಾಗೆ ಓಟು ಹಾಕಿ ಮುಗಿಸಿರುತ್ತಾರೆ. ನಿಮಗೆ ಬಂದಿರುವುದು ಅದಲ್ಲ, ಹಾಗಾಗಿ ಇಷ್ಟು ಸಾಕು.

ಹೌದೋ ಬೇಡವೋ ಅನ್ನುವುದಕ್ಕೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮೊತ್ತ ಏರಿಸುವುದು ತಪ್ಪಲ್ಲ. ಹಳೆಯ ಹುಲ್ಲಿಗೆ ಮತ್ತೆ ಅದೇ ರೀತಿ ನೀರು ಸುರಿಯಲು ಏರಿಸುವುದು ತಪ್ಪು. 2023ರಲ್ಲಿ ಎಬಿ 1572 ಎಂಬ ಕಾನೂನು ಬಂತು. ಅದರ ಪ್ರಕಾರ ಯಾರೂ ಆಡದ, ಕೂರದ, ಬರೀ ನೋಟಕ್ಕಿರುವ ಹುಲ್ಲಿಗೆ ಕುಡಿಯುವ ನೀರು ಹಾಕುವಂತಿಲ್ಲ. ಬಹುತೇಕ ಸರ್ಕಾರಿ ಜಾಗಗಳಿಗೆ ಈ ನಿಷೇಧ ಶುರುವಾಗುವ ದಿನ 2027ರ ಜನವರಿ 1. ಎಚ್‌ಒಎಗಳ ಸಾಮೂಹಿಕ ಜಾಗಕ್ಕೆ 2029ರ ಜನವರಿ 1. ಮರಗಳನ್ನು ಉಳಿಸಲು ಬೇಕಾದಷ್ಟು ನೀರು ಕೊಡಲು ಅಡ್ಡಿ ಇಲ್ಲ. 2015ರ ಬರಗಾಲದಲ್ಲಿ ಗವರ್ನರ್ ಜೆರ್ರಿ ಬ್ರೌನ್ ರಸ್ತೆ ನಡುವಿನ ಹುಲ್ಲಿಗೆ ಕುಡಿಯುವ ನೀರು ಹಾಕುವುದನ್ನು ನಿಲ್ಲಿಸಿದ್ದರು. ಆಗ ಹುಲ್ಲಿನ ಜೊತೆ ಮರಗಳನ್ನೂ ಕಳೆದುಕೊಂಡ ಬಡಾವಣೆಗಳು ಇವೆ.

ಆದ್ದರಿಂದ ಹೊಸ ಬಜೆಟ್ಟಿನಲ್ಲಿ ಹುಲ್ಲು ತೆಗೆದು ಕಡಿಮೆ ನೀರಿನ ಪೊದೆಗಿಡ ಹಾಕುವ ಖರ್ಚು, ಮರಗಳ ಬುಡಕ್ಕೆ ಬೇರೆಯೇ ಡ್ರಿಪ್ ಪೈಪ್ ಎಳೆಯುವ ಖರ್ಚು ಇದೆಯಾ ನೋಡಿ. ಎರಡಕ್ಕೂ ಬೇರೆ ಬೇರೆ ವಾಲ್ವ್ ಇರಲೇಬೇಕು ಎಂದು ಕೇಳಿ. ಆಗ ಮುಂದಿನ ಬರಗಾಲದಲ್ಲಿ ಒಂದನ್ನು ಮುಚ್ಚಿದರೆ ಇನ್ನೊಂದು ಸಾಯುವುದಿಲ್ಲ. ಇದು ಇದ್ದು, ಊರಿನ ಪಾಲನ್ನು ಸಿಟಿ ಕೊಡುತ್ತೇನೆ ಅಂದಿದ್ದು, ವರ್ಷವರ್ಷದ ಏರಿಕೆಯನ್ನು ಬೆಲೆ ಸೂಚ್ಯಂಕಕ್ಕೆ ಕಟ್ಟಿ ಅದಕ್ಕೊಂದು ಗರಿಷ್ಠ ಮಿತಿಯನ್ನೂ ಹಾಕಿದ್ದರೆ ನಾನಾದರೆ ಕಣ್ಣುಮುಚ್ಚಿ ಹೌದು ಅನ್ನುತ್ತಿದ್ದೆ. ಸೂಚ್ಯಂಕದ ಷರತ್ತು ಕಂಡು ‘ಪ್ರತಿ ವರ್ಷ ಏರಿಸ್ತಾರೆ’ ಅಂತ ಹೆದರಬೇಡಿ. ಅದಿಲ್ಲದ್ದರಿಂದಲೇ ಈಗ ಈ ಸ್ಥಿತಿ ಬಂದಿರುವುದು. ಸಣ್ಣಸಣ್ಣದಾಗಿ ಏರುವುದು, ಇಪ್ಪತ್ತೈದು ವರ್ಷಕ್ಕೊಮ್ಮೆ ದಿಢೀರನೆ ಎರಡರಷ್ಟು ಕೇಳುವುದಕ್ಕಿಂತ ಎಷ್ಟೋ ಮೇಲು.

ಊರಿನ ಪಾಲಿನ ಅಂಕಿಯೇ ಇಲ್ಲ, ಮುಂದಿನ ಯೋಜನೆ ಇಲ್ಲ, ‘ಖರ್ಚು ಜಾಸ್ತಿಯಾಗಿದೆ, ಕೊಡಿ’ ಅಂತಷ್ಟೇ ಇದ್ದರೆ ಬೇಡ ಅನ್ನಿ. ಆದರೆ ಸುಮ್ನೆ ಬೇಡ ಅಂದು ಬಿಡಬೇಡಿ. ಏನು ಸರಿಮಾಡಿದರೆ ಒಪ್ಪುತ್ತೀರಿ ಅಂತ ಒಂದು ಪುಟದ ಪತ್ರ ಬರೆದು ಹಿಯರಿಂಗ್‌ಗೆ ಮೊದಲೇ ಕೊಡಿ. ನೆರೆಯವರ ಸಹಿಯೂ ಇದ್ದರೆ ಇನ್ನೂ ಒಳ್ಳೆಯದು. ಬೇಡ ಅಂದವರು ಗೆದ್ದರೆ ಬಿಲ್ಲಿನ ಸಾಲು ಮಾಯವಾಗುವುದಿಲ್ಲ ಅನ್ನುವುದೂ ನೆನಪಿರಲಿ. ಹಳೆಯ ಮೊತ್ತ ಮುಂದುವರಿಯುತ್ತದೆ, ಕೆಲಸ ಇನ್ನಷ್ಟು ಕಡಿಮೆಯಾಗುತ್ತದೆ.

ಬ್ಯಾಲೆಟ್ ಹಾಕುವಾಗ ಸಹಿ ಮರೆಯಬೇಡಿ. ಹಿಯರಿಂಗ್‌ನಲ್ಲಿ ಜನರ ಮಾತು ಮುಗಿಯುವ ಮೊದಲು ಅದು ಸಿಟಿಯ ಕೈ ಸೇರಿರಬೇಕು. ಅಂದಿನ ತಾರೀಖಿನ ಪೋಸ್ಟ್‌ಮಾರ್ಕ್ ಇದೆ ಅಂದರೆ ಸಾಲದು. ಮೊದಲೇ ಕಳಿಸಿ ಆಮೇಲೆ ಮನಸ್ಸು ಬದಲಾದರೆ ಅಲ್ಲಿಯವರೆಗೂ ಬದಲಿಸಬಹುದು. ಮನೆ ಇಬ್ಬರ ಹೆಸರಲ್ಲಿದ್ದು ಇಬ್ಬರೂ ಬೇರೆ ಬೇರೆ ಕಳಿಸಿದರೆ ಮನೆಯ ಮೊತ್ತವನ್ನು ನಿಮ್ಮ ನಿಮ್ಮ ಪಾಲಿನಂತೆ ಒಡೆದು ಎಣಿಸುತ್ತಾರೆ. ಒಬ್ಬರು ಹೌದು, ಒಬ್ಬರು ಬೇಡ ಅಂದರೆ ಸಮಪಾಲಿನ ಮನೆಯಲ್ಲಿ ಒಂದಕ್ಕೊಂದು ವಜಾ ಆಗುತ್ತದೆ. ಅದಕ್ಕೆ ಮೊದಲು ಮನೆಯಲ್ಲಿ ಮಾತಾಡಿಕೊಂಡು ಒಂದೇ ಕಳಿಸಿ.